ಕಂಪ್ಯೂಟರಿನ ಬೇಸ್ ಗಿಟಾರನ್ನು ಕೈ ನುಡಿಸಿದಂತೆ ಕೇಳಿಸುವುದು

ಹಾಸನದಲ್ಲಿ ಕುಳಿತು ಹಾಡು ಮಾಡುವವರಿಗೆ ತಬಲ ನುಡಿಸುವವರು ಸಿಗುತ್ತಾರೆ, ಕೊಳಲು ನುಡಿಸುವವರು ಸಿಗುತ್ತಾರೆ, ಗಣಪತಿ ಪೆಂಡಾಲುಗಳ ಆರ್ಕೆಸ್ಟ್ರಾದಲ್ಲಿ ಪಳಗಿದ ಕೀಬೋರ್ಡ್ ವಾದಕರಿಗಂತೂ ಕೊರತೆಯೇ ಇಲ್ಲ; ಬೇಸ್ ಗಿಟಾರ್ ಹಿಡಿದವರು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ನಾಲ್ಕು ನಿಮಿಷದ ಒಂದು ಭಾವಗೀತೆಗಾಗಿ ಬೆಂಗಳೂರಿನಿಂದ ವಾದಕರೊಬ್ಬರನ್ನು ಕರೆಸಿ, ಅವರ ಸಂಭಾವನೆಯನ್ನೂ ಪ್ರಯಾಣದ ವೆಚ್ಚವನ್ನೂ ಭರಿಸುವುದು ಮನೆಯ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡ ನಮ್ಮಂಥವರ ಅಳವಿಗೆ ಮೀರಿದ್ದು. ಆದ್ದರಿಂದ ನಾವು ಕಂಪ್ಯೂಟರಿನ ಬೇಸ್ ಪ್ಲಗಿನ್‌ಗಳನ್ನೇ, ಅಂದರೆ ಹಾಡು ಮಾಡುವ ಸಾಫ್ಟ್‌ವೇರ್‌ನೊಳಗೆ ಸೇರಿಕೊಂಡು ಬೇಸ್ ಗಿಟಾರಿನ ನಾದ ಕೊಡುವ ತಂತ್ರಾಂಶಗಳನ್ನೇ, ನೆಚ್ಚಿಕೊಂಡಿದ್ದೇವೆ. ಮಳೆಗಾಲದಲ್ಲಿ ಇದರಿಂದ ಇನ್ನೊಂದು ಅನುಕೂಲವೂ ಇದೆ: ಹೆಂಚಿನ ಮೇಲೆ ಮಳೆ ಬಡಿಯುತ್ತಿದ್ದು ಮೈಕ್ ತೆರೆಯಲಾಗದ ದಿನಗಳಲ್ಲಿಯೂ ಬೇಸ್‌ನ ಕೆಲಸ ನಿಲ್ಲುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಊರಿಗೆ ಬಂದಿದ್ದ ಬೇಸ್ ವಾದಕರೊಬ್ಬರಿಗೆ ನಾನು ಆಗಷ್ಟೇ ಮುಗಿಸಿದ್ದ ಹಾಡೊಂದನ್ನು ಕೇಳಿಸಿದೆ. ಅವರು ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿ, ನಾದ ಚೆನ್ನಾಗಿದೆ ಎಂದರು. ಆಮೇಲೆ, "ಅಣ್ಣಾ, ಚರಣದ ಈ ಸಾಲನ್ನ ಯಾವ ತಂತಿ ಮೇಲೆ ನುಡಿಸಿದೀರಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನು ತಂತಿಯನ್ನು ಯೋಚಿಸಿಯೇ ಇರಲಿಲ್ಲ. ಕೀಬೋರ್ಡಿನಲ್ಲಿ ಎಡಗೈಗೆ ಬಂದ ಸ್ವರಗಳನ್ನು ಒತ್ತಿದ್ದೆ. ಆ ಪ್ರಶ್ನೆಯಿಂದಲೇ ನನ್ನ ಕಲಿಕೆ ಶುರುವಾಯಿತು. ಪ್ಲಗಿನ್ ಯಾವುದೇ ಇರಲಿ, ಪ್ರತಿ ಸ್ವರಕ್ಕೂ ಇದು ಯಾವ ತಂತಿಯದು, ಯಾವ ಬೆರಳು ಮೀಟಿದ್ದು, ಎಲ್ಲಿ ನಿಂತದ್ದು ಎಂದು ಹೇಳಬಲ್ಲಿರಾದರೆ ಬೇಸ್ ಕೈಯಿಂದ ನುಡಿಸಿದಂತೆ ಕೇಳಿಸುತ್ತದೆ.

ಮೊದಲು ವಾದ್ಯವನ್ನು ತಿಳಿಯಬೇಕು

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ ಅದರ ತಂತಿಯ ನುಡಿಯುವ ಉದ್ದ 34 ಇಂಚು ಇತ್ತು. ಇಂದಿಗೂ ಹೆಚ್ಚಿನ ಬೇಸ್‌ಗಳ ಅಳತೆ ಅದೇ. ನಾಲ್ಕು ತಂತಿಗಳು ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಎಂದು ಶ್ರುತಿಗೊಂಡಿರುತ್ತವೆ. ಅವುಗಳ ಕಂಪನ ಕ್ರಮವಾಗಿ 41.2, 55, 73.4 ಮತ್ತು 98 ಹರ್ಟ್ಸ್. ಕಂಪ್ಯೂಟರ್ ಸ್ವರಗಳನ್ನು ಸಂಖ್ಯೆಯಿಂದ ಗುರುತಿಸುವ ಮಿಡಿ ವ್ಯವಸ್ಥೆಯಲ್ಲಿ ಅವುಗಳ ಸಂಖ್ಯೆಗಳು 28, 33, 38, 43. ಈ ಸಂಖ್ಯೆಗಳನ್ನು ನೆನಪಿಡುವುದು ಸ್ವರದ ಹೆಸರನ್ನು ನೆನಪಿಡುವುದಕ್ಕಿಂತ ಸುರಕ್ಷಿತ, ಏಕೆಂದರೆ ಅದೇ 28ನ್ನು ಒಂದು ಸಾಫ್ಟ್‌ವೇರ್ ಇ1 ಎಂದು ತೋರಿಸಿದರೆ ಇನ್ನೊಂದು ಇ0 ಎನ್ನುತ್ತದೆ, ಎಫ್‌ಎಲ್ ಸ್ಟುಡಿಯೋ ಇ2 ಎನ್ನುತ್ತದೆ. 28ಕ್ಕಿಂತ ಕೆಳಗಿನ ಸ್ವರ ನಾಲ್ಕು ತಂತಿಯ ಬೇಸ್‌ನಲ್ಲಿ ಇಲ್ಲ. ಐದನೆಯ ತಂತಿ ಇದ್ದರೆ 23ರವರೆಗೆ, ಅಂದರೆ ಸುಮಾರು 31 ಹರ್ಟ್ಸ್‌ವರೆಗೆ ಇಳಿಯಬಹುದು.

ನಮ್ಮ ಹಾಡುಗಳಲ್ಲಿ ಈ ಮಿತಿ ಮೊದಲ ದಿನವೇ ಎದುರಾಗುತ್ತದೆ. ಗಾಯಕಿಯ ಶ್ರುತಿ ಐದು ಮನೆ, ಅಂದರೆ ಜಿ, ಇದ್ದರೆ ಷಡ್ಜ ಇ ತಂತಿಯ 3ನೇ ಫ್ರೆಟ್‌ನಲ್ಲಿ (ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡಪಟ್ಟಿಯೇ ಫ್ರೆಟ್), 49 ಹರ್ಟ್ಸ್‌ನಲ್ಲಿ, ಸಲೀಸಾಗಿ ಸಿಗುತ್ತದೆ. ಗಾಯಕರೊಬ್ಬರು ಎರಡೂವರೆ ಮನೆಯಲ್ಲಿ, ಅಂದರೆ ಡಿ ಶಾರ್ಪ್‌ನಲ್ಲಿ, ಹಾಡುವವರಾದರೆ ಮಂದ್ರದ ಷಡ್ಜ ಇ ತಂತಿಗಿಂತಲೂ ಅರ್ಧ ಸ್ವರ ಕೆಳಗೆ ಬೀಳುತ್ತದೆ. ಕೀಬೋರ್ಡಿನಲ್ಲಿ ಅದು ಒತ್ತಲು ಬರುತ್ತದೆಯಾದರೂ ಗಿಟಾರಿನಲ್ಲಿ ಇಲ್ಲ. ಆಗ ಬೇಸ್ ವಾದಕರು ಷಡ್ಜವನ್ನು ಎ ತಂತಿಯ 6ನೇ ಫ್ರೆಟ್‌ಗೆ ಒಯ್ದು, ಪಂಚಮಕ್ಕೆ ಕೆಳಗಿಳಿಯುತ್ತಾರೆ. ಪಂಚಮ ಷಡ್ಜದ ಕೆಳಗಿದ್ದಾಗ ಸಾಲಿನ ನಡೆಯೇ ಬದಲಾಗುತ್ತದೆ, ಮತ್ತು ಆ ಬದಲಾವಣೆ ಕೇಳುಗರಿಗೆ ನಿಜವಾದ ಗಿಟಾರಿನ ಗುರುತಾಗಿ ತಾಗುತ್ತದೆ.

ಒಂದೇ ಸ್ವರ ಹಲವು ಕಡೆ ಸಿಗುತ್ತದೆ ಎಂಬುದು ಎರಡನೆಯ ಸಂಗತಿ. ಮಿಡಿ 38ರ ಡಿ ಸ್ವರವನ್ನು ತೆರೆದ ಡಿ ತಂತಿಯಲ್ಲಿ, ಎ ತಂತಿಯ 5ನೇ ಫ್ರೆಟ್‌ನಲ್ಲಿ ಅಥವಾ ಇ ತಂತಿಯ 10ನೇ ಫ್ರೆಟ್‌ನಲ್ಲಿ ನುಡಿಸಬಹುದು. ತೆರೆದ ತಂತಿ ಹೊಳೆಯುತ್ತದೆ, ದಪ್ಪ ತಂತಿಯ ಮೇಲಿನ ಫ್ರೆಟ್ ದುಂಡಾಗಿ, ಸ್ವಲ್ಪ ಮಬ್ಬಾಗಿ ನುಡಿಯುತ್ತದೆ. ಒಳ್ಳೆಯ ಪ್ಲಗಿನ್‌ಗಳಲ್ಲಿ ತಂತಿಯನ್ನು ಆರಿಸುವ ವ್ಯವಸ್ಥೆ ಇರುತ್ತದೆ. ಬೇಸ್ ನುಡಿಸುವ ವ್ಯಾಪ್ತಿಯಾಚೆಗಿನ ಕೆಲವು ಕೀಲಿಗಳನ್ನು, ಅಂದರೆ ಕೀ ಸ್ವಿಚ್‌ಗಳನ್ನು, ಒತ್ತಿದರೆ ಅದು ಬದಲಾಗುತ್ತದೆ. ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ. ಪಲ್ಲವಿಯನ್ನು ಕೆಳಗಿನ ಫ್ರೆಟ್‌ಗಳಲ್ಲಿಯೂ ಚರಣವನ್ನು ಇ ಮತ್ತು ಎ ತಂತಿಗಳ ಮೇಲಿನ ಫ್ರೆಟ್‌ಗಳಲ್ಲಿಯೂ ಇಟ್ಟು ನೋಡಿ. ನಾದದ ತಳ, ನಡು, ಮೇಲುಗಳನ್ನು ಏರಿಳಿಸುವ ಈಕ್ಯೂ ಮುಟ್ಟದೆಯೇ ಎರಡು ಭಾಗಗಳ ಬಣ್ಣ ಬೇರೆಯಾಗುತ್ತದೆ.

ಕೈಯ ಅಳತೆಯೂ ಲೆಕ್ಕಕ್ಕೆ ಬರಬೇಕು. ಗಿಟಾರಿನ ತಲೆಯ ಬಳಿ ಮೊದಲ ಫ್ರೆಟ್‌ನ ಅಗಲ ಸುಮಾರು 48 ಮಿಲಿಮೀಟರ್. 12ನೇ ಫ್ರೆಟ್ ದಾಟಿದ ಮೇಲೆ ಅದು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಕೆಳಗಿನ ಸ್ಥಾನದಲ್ಲಿ ಕೈ ಒಂದೇ ಕಡೆ ನಿಂತು ಮೂರು ಫ್ರೆಟ್‌ಗಳನ್ನು ಆರಾಮವಾಗಿ ಮುಟ್ಟುತ್ತದೆ, ಮೇಲೆ ನಾಲ್ಕನ್ನು ಮುಟ್ಟುತ್ತದೆ. ಒಂದು ಸಾಲು 3ನೇ ಫ್ರೆಟ್‌ನಿಂದ ಒಮ್ಮೆಲೇ 12ಕ್ಕೆ ಹಾರಿದರೆ ಕೈ ಸರಿಯಲು ಹೊತ್ತು ಬೇಕು. ವಾದಕರು ಆ ಹೊತ್ತನ್ನು ಹಿಂದಿನ ಸ್ವರವನ್ನು ಮೊಟಕುಗೊಳಿಸಿ ಗಳಿಸುತ್ತಾರೆ, ಅಥವಾ ನಡುವೆ ತೆರೆದ ತಂತಿಯೊಂದನ್ನು ನುಡಿಸಿ, ಅದು ನುಡಿಯುತ್ತಿರುವಾಗಲೇ ಕೈಯನ್ನು ಜರುಗಿಸುತ್ತಾರೆ. ನಾನು ಈಗ ಹೊಸ ಸಾಲು ಬರೆಯುವಾಗ ಒಂದು ನೋಟ್‌ಪುಸ್ತಕದಲ್ಲಿ ನಾಲ್ಕು ಗೆರೆ ಎಳೆದು ಫ್ರೆಟ್ ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಕೈ ಎಲ್ಲಿ ಅತಿಯಾಗಿ ಜಿಗಿಯುತ್ತದೆ ಎಂಬುದು ಕಾಗದದ ಮೇಲೆ ತಕ್ಷಣ ಕಾಣುತ್ತದೆ.

ಪ್ಲಗಿನ್‌ನ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಟ್ರಿಲಿಯನ್‌ನಂಥವು ನಿಜವಾದ ಗಿಟಾರಿನ ಸ್ವರಗಳನ್ನು ಮೃದುವಾಗಿಯೂ ಬಿರುಸಾಗಿಯೂ ನುಡಿಸಿ ಮುದ್ರಿಸಿಕೊಂಡ ಸಂಗ್ರಹಗಳು. ಅವಕ್ಕೆ ಡಿಸ್ಕಿನಲ್ಲಿ ಹೆಚ್ಚು ಜಾಗ ಬೇಕು. ಮೋಡೋ ಬೇಸ್ ತಂತಿಯ ಕಂಪನವನ್ನು ಲೆಕ್ಕ ಹಾಕಿ ನಾದವನ್ನು ಹುಟ್ಟಿಸುತ್ತದೆ, ಆದ್ದರಿಂದ ಹಗುರ. ಹಣ ಹಾಕುವ ಮೊದಲು ಆಂಪಲ್ ಸೌಂಡ್‌ನವರ ಉಚಿತ ಬೇಸ್ ಪಿ ಲೈಟ್‌ನಲ್ಲಿ ಆರು ತಿಂಗಳು ಕೈ ಪಳಗಿಸಿಕೊಳ್ಳಿ ಎಂಬುದೇ ನನ್ನ ಸಲಹೆ.

ಸ್ವರ ಎಲ್ಲಿ ನಿಲ್ಲುತ್ತದೆ

ಕಂಪ್ಯೂಟರಿನ ಬೇಸ್ ಕೃತಕವಾಗಿ ಕೇಳಿಸಲು ಅತಿ ದೊಡ್ಡ ಕಾರಣ ಸ್ವರದ ಕೊನೆ. ಸ್ವರ ಎಲ್ಲಿ ಆರಂಭವಾಗಬೇಕೆಂದು ಎಲ್ಲರೂ ಗಮನಿಸುತ್ತೇವೆ. ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಸ್ವರಗಳನ್ನು ಪಟ್ಟಿಗಳಾಗಿ ತೋರಿಸುವ ಪಿಯಾನೊ ರೋಲ್ ಪರದೆಯಲ್ಲಿ ಮೌಸ್ ಹಿಡಿದು ಎಳೆದ ಸ್ವರಗಳು ಒಂದರ ಅಂಚಿಗೆ ಇನ್ನೊಂದು ತಾಗಿಕೊಂಡು ಇಟ್ಟಿಗೆಯ ಸಾಲಿನಂತೆ ನಿಲ್ಲುತ್ತವೆ. ನಿಜವಾದ ವಾದನದಲ್ಲಿ ಎಡಗೈ ಬೆರಳು ತಂತಿಯನ್ನು ಪೂರ್ತಿ ಬಿಡದೆ ಸ್ವಲ್ಪ ಸಡಿಲಿಸಿದಾಗ ಸ್ವರ ನಿಲ್ಲುತ್ತದೆ, ಅಥವಾ ಬಲಗೈ ಬೆರಳು ಮುಂದಿನ ಮೀಟಿಗಾಗಿ ತಂತಿಯ ಮೇಲೆ ಬಂದು ಕೂತಾಗ ನಿಲ್ಲುತ್ತದೆ. ಎರಡನೆಯ ಸಂದರ್ಭದಲ್ಲಿ ಪ್ರತಿ ಹೊಸ ಸ್ವರದ ಹಿಂದೆ ಒಂದು ಚಿಕ್ಕ ಮೌನ ತಾನಾಗಿಯೇ ಹುಟ್ಟುತ್ತದೆ. ಅದನ್ನು ನಾವು ಕೈಯಾರೆ ಮಾಡಬೇಕು.

ನನ್ನ ಕ್ರಮ ಹೀಗಿದೆ. ಸಾಲನ್ನು ಬರೆದ ಮೇಲೆ, ಒಂದೇ ತಂತಿಯಲ್ಲಿ ಮರುಕಳಿಸುವ ಸ್ವರಗಳ ಕೊನೆಯನ್ನು 20ರಿಂದ 40 ಮಿಲಿಸೆಕೆಂಡಿನಷ್ಟು ಹಿಂದಕ್ಕೆ ಎಳೆಯುತ್ತೇನೆ. ಗಾಯಕರು ಉಸಿರು ತೆಗೆದುಕೊಳ್ಳುವ ಕಡೆ ಬೇಸ್ ಕೂಡ ಪೂರ್ತಿ ನಿಲ್ಲಬೇಕೇ ಎಂದು ಕೇಳಿಕೊಳ್ಳುತ್ತೇನೆ. ಹತ್ತರಲ್ಲಿ ಏಳು ಸಲ ನಿಲ್ಲಿಸಿದರೇ ಚೆನ್ನ. ತಬಲದ ಅಂಚಿನ ಕಿನಾರ್ ಪೆಟ್ಟು ಅಥವಾ ಡ್ರಮ್ಸ್‌ನ ಸ್ನೇರ್ ಬೀಳುವ ಕ್ಷಣಕ್ಕೆ ಸರಿಯಾಗಿ ಸ್ವರವನ್ನು ಕತ್ತರಿಸಿದರೆ ಆ ಪೆಟ್ಟು ಏರಿಸದೆಯೇ ಗಟ್ಟಿಯಾಗಿ ಕೇಳಿಸುತ್ತದೆ. ಒಮ್ಮೆ ಈ ರುಚಿ ಹತ್ತಿದರೆ ಪ್ಲಗಿನ್ ಬದಲಿಸಬೇಕೆಂಬ ಆಸೆ ತಾನೇ ತಗ್ಗುತ್ತದೆ.

ಸ್ವರಗಳು ಒಂದರ ಮೇಲೊಂದು ಹಾಯುವುದಕ್ಕೂ ಅರ್ಥವಿದೆ. ಹೆಚ್ಚಿನ ಪ್ಲಗಿನ್‌ಗಳು ಸ್ವರಗಳನ್ನು ಬೆಸೆದು ನುಡಿಸುವ ಲೆಗಾಟೊ ಸ್ಥಿತಿಯಲ್ಲಿದ್ದಾಗ, ಮೊದಲ ಸ್ವರ ಮುಗಿಯುವ ಮುನ್ನ ಎರಡನೆಯದು ಬಂದರೆ ಅದನ್ನು ಬಲಗೈ ಮೀಟಿಲ್ಲ, ಎಡಗೈ ಬೆರಳೇ ತಂತಿಯ ಮೇಲೆ ಬಡಿದಿದೆ ಎಂದು ತಿಳಿದು ಮೆತ್ತಗೆ ನುಡಿಸುತ್ತವೆ. ಅರ್ಧ ಸ್ವರ ಅಥವಾ ಒಂದು ಸ್ವರದ ಅಂತರದಲ್ಲಿ ಇದು ಸುಂದರ. ಎಡಗೈಗೆ ಎಟುಕದ ಐದು ಸ್ವರದ ಜಿಗಿತದಲ್ಲಿ ಗೊತ್ತಿಲ್ಲದೆ ಹಾಗೆ ಹಾಯ್ದರೆ ಕಿವಿ ಒಪ್ಪುವುದಿಲ್ಲ. ಆದ್ದರಿಂದ ಹಾಯುವಿಕೆಯನ್ನು ಬೇಕಾದ ಕಡೆ ಮಾತ್ರ ಇಟ್ಟು, ಉಳಿದ ಕಡೆಯೆಲ್ಲ ಹುಡುಕಿ ತೆಗೆಯಬೇಕು.

ಜಾರುವಿಕೆಯ ವಿಷಯದಲ್ಲಿ ನಮ್ಮವರು ಹೆಚ್ಚಾಗಿ ಒಂದು ತಪ್ಪು ಮಾಡುತ್ತಾರೆ. ಕೀಬೋರ್ಡಿನ ಪಿಚ್ ಬೆಂಡ್ ಚಕ್ರವನ್ನು ತಿರುಗಿಸಿದರೆ ಸ್ವರ ವೀಣೆಯ ಮೀಂಡಿನಂತೆ ನಯವಾಗಿ ಸರಿಯುತ್ತದೆ. ಫ್ರೆಟ್ ಇರುವ ಬೇಸ್‌ನಲ್ಲಿ ಬೆರಳು ತಂತಿಯುದ್ದಕ್ಕೂ ಜಾರುವಾಗ ಪ್ರತಿ ಫ್ರೆಟ್‌ನಲ್ಲಿ ಅರ್ಧ ಸ್ವರದ ಮೆಟ್ಟಿಲು ಸಿಗುತ್ತದೆ. ಪ್ಲಗಿನ್‌ನಲ್ಲಿ ಸ್ಲೈಡ್‌ಗೆ ಪ್ರತ್ಯೇಕ ಕೀ ಸ್ವಿಚ್ ಇದ್ದರೆ ಅದನ್ನೇ ಬಳಸಿ. ಪಿಚ್ ಬೆಂಡ್‌ನ ಸಹಜ ವ್ಯಾಪ್ತಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧ ಸ್ವರ ಮಾತ್ರ ಎಂಬುದನ್ನೂ ನೆನಪಿಡಿ. ಗಮಕದಂತೆ ನಯವಾಗಿ ಸರಿಯಲೇಬೇಕಾದರೆ ಫ್ರೆಟ್‌ಲೆಸ್ ಬೇಸ್‌ನ ನಾದವನ್ನು ಆರಿಸಬೇಕು. ಕಾಂಬೋಧಿ, ತೋಡಿಯಂಥ ರಾಗದ ಛಾಯೆ ಇರುವ ಹಾಡಿಗೆ ಫ್ರೆಟ್‌ಲೆಸ್ ಎಷ್ಟು ಚೆನ್ನಾಗಿ ಒಗ್ಗುತ್ತದೆಂದರೆ, ಅದನ್ನು ಕೇಳಿದ ಮೇಲೆ ಫ್ರೆಟ್ ಇರುವ ನಾದಕ್ಕೆ ಮರಳಲು ನನಗೆ ಮನಸ್ಸೇ ಬಂದಿಲ್ಲ. ಸ್ವರವನ್ನು ಅಲುಗಿಸುವಾಗ ಒಂದು ಎಚ್ಚರ: ತೆರೆದ ತಂತಿಯ ಮೇಲೆ ಎಡಗೈ ಬೆರಳೇ ಇರುವುದಿಲ್ಲವಾದ್ದರಿಂದ ಅಲ್ಲಿ ಬೆರಳಿನ ಕಂಪನ ಹಾಕಬಾರದು.

ಎರಡು ಬೆರಳುಗಳ ನಡಿಗೆ

ಹೆಚ್ಚಿನ ವಾದಕರು ಬಲಗೈಯ ತೋರುಬೆರಳು ಮತ್ತು ನಡುಬೆರಳುಗಳನ್ನು ಕಾಲು ಬದಲಿಸಿದಂತೆ ಬಳಸುತ್ತಾರೆ. ಎರಡೂ ಒಂದೇ ಬಲದಲ್ಲಿ ಬೀಳುವುದಿಲ್ಲ. ಮಿಡಿಯಲ್ಲಿ ಈ ಬಲಕ್ಕೆ 1ರಿಂದ 127ರವರೆಗಿನ ವೆಲಾಸಿಟಿ ಇದೆ. ಸಾಮಾನ್ಯ ಸಾಲಿಗೆ 85ರಿಂದ 105ರ ನಡುವೆ ಇಟ್ಟು, ಒಂದು ಬಿಟ್ಟು ಒಂದು ಸ್ವರವನ್ನು ಐದಾರು ಅಂಕ ತಗ್ಗಿಸಿದರೆ ಎರಡು ಬೆರಳುಗಳು ಕಾಣಿಸಿಕೊಳ್ಳುತ್ತವೆ. ಸಾಫ್ಟ್‌ವೇರ್‌ನ ರ‍್ಯಾಂಡಮ್ ಗುಂಡಿಯನ್ನು ಒತ್ತಿ ಬಲವನ್ನು ಚೆಲ್ಲಾಪಿಲ್ಲಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮನುಷ್ಯನ ಕೈ ಏರುಪೇರಾಗುವುದು ತಾಳದ ಒತ್ತು ಎಲ್ಲಿದೆ ಎಂಬ ಅರಿವಿನಿಂದ: ಆವರ್ತದ ಮೊದಲ ಪೆಟ್ಟಾದ ಸಮದಲ್ಲಿ ಬಲ, ಅದರ ಮುಂಚಿನ ಸ್ವರದಲ್ಲಿ ಹಗುರ. 120ರ ಆಚೆಗೆ ಹೋಗುವ ಮೊದಲು ಪ್ಲಗಿನ್ ಏನು ಮಾಡುತ್ತದೆ ಎಂದು ಪರೀಕ್ಷಿಸಿ. ಅಲ್ಲಿ ಕೆಲವು ಪ್ಲಗಿನ್‌ಗಳು ಹೆಬ್ಬೆರಳಿನ ಸ್ಲಾಪ್ ಹೊಡೆತವನ್ನೋ ತಂತಿ ಫ್ರೆಟ್‌ಗೆ ಬಡಿದ ಸದ್ದನ್ನೋ ನುಡಿಸಿಬಿಡುತ್ತವೆ. ಬೆರಳು ತಂತಿಯನ್ನು ಒತ್ತದೆ ಸುಮ್ಮನೆ ಮುಟ್ಟಿ ಮೀಟಿದಾಗ ಬರುವ 'ಟಪ್' ಎಂಬ ಸತ್ತ ಸ್ವರವನ್ನು ಆವರ್ತಕ್ಕೆ ಒಂದೆರಡು ಕಡೆ, ಕಡಿಮೆ ಬಲದಲ್ಲಿ, ಮುಖ್ಯ ಸ್ವರದ ಮುಂಚೆ ಇಟ್ಟರೆ ನಡೆಗೆ ಜೀವ ಬರುತ್ತದೆ. ಮೋಟೌನ್ ಹಾಡುಗಳಿಗೆ ನುಡಿಸಿದ ಜೇಮ್ಸ್ ಜೇಮರ್‌ಸನ್ ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು, ಆದ್ದರಿಂದ ಎರಡು ಬೆರಳಿನ ಕ್ರಮವೇ ಶಾಸನವೇನಲ್ಲ. ಯಾವ ಕೈಯನ್ನು ಕಲ್ಪಿಸಿಕೊಂಡಿದ್ದೀರೋ ಅದಕ್ಕೆ ಹಾಡಿನುದ್ದಕ್ಕೂ ನಿಷ್ಠರಾಗಿರಬೇಕು.

ಕಾಲದ ವಿಷಯದಲ್ಲಿ ಪೂರ್ತಿ ಕ್ವಾಂಟೈಸ್ ಮಾಡಿದ, ಅಂದರೆ ಪ್ರತಿ ಸ್ವರವನ್ನೂ ಸಾಫ್ಟ್‌ವೇರ್ ತಾಳದ ಗೆರೆಗೇ ಕೂರಿಸಿದ, ಬೇಸ್ ನಿರ್ಜೀವವಾಗುತ್ತದೆ. ಭಾವಗೀತೆಯಂಥ ನಿಧಾನದ ಹಾಡಿನಲ್ಲಿ ತಾಳವಾದ್ಯಕ್ಕಿಂತ 5ರಿಂದ 15 ಮಿಲಿಸೆಕೆಂಡ್ ತಡವಾಗಿ ಇಟ್ಟರೆ ಹಾಡು ಒರಗಿ ಕುಳಿತಂತಾಗುತ್ತದೆ. ನಿಮಿಷಕ್ಕೆ 90 ಬೀಟ್‌ನ ವೇಗದಲ್ಲಿ, ಬೀಟ್‌ಗೆ 960 ಟಿಕ್‌ಗಳ ಎಣಿಕೆಯಲ್ಲಿ, 10 ಮಿಲಿಸೆಕೆಂಡ್ ಎಂದರೆ ಸುಮಾರು 14 ಟಿಕ್. ಕೀಬೋರ್ಡಿನಲ್ಲಿ ನೇರವಾಗಿ ನುಡಿಸಿ ಮುದ್ರಿಸುವುದಾದರೆ ಕಂಪ್ಯೂಟರ್ ನಾದವನ್ನು ಹೊರಡಿಸುವ ಮುನ್ನ ಕೂಡಿಟ್ಟುಕೊಳ್ಳುವ ಆಡಿಯೋ ಬಫರನ್ನು 128 ಸ್ಯಾಂಪಲ್‌ಗೆ ಇಳಿಸಿಕೊಳ್ಳಿ. ಹೆಚ್ಚಿದ್ದರೆ ನಾದ ತಡವಾಗಿ ಕಿವಿಗೆ ಬಂದು ಕೈ ತನಗರಿವಿಲ್ಲದೆ ಮುಂದೋಡುತ್ತದೆ.

ತಬಲದ ಡಗ್ಗಾಕ್ಕೆ ಜಾಗ ಬಿಡುವುದು

ಪಾಶ್ಚಾತ್ಯ ಡ್ರಮ್ಸ್‌ಗಾಗಿ ಬರೆದ ಪಾಠಗಳಲ್ಲಿ ಬೇಸ್ ಕಾಲಿನಿಂದ ಬಾರಿಸುವ ಕಿಕ್ ಡ್ರಮ್‌ನ ಜೊತೆ ಕೂಡಬೇಕು ಎಂದಿರುತ್ತದೆ. ಸುಗಮ ಸಂಗೀತದಲ್ಲಿ ಕಿಕ್‌ನ ಜಾಗದಲ್ಲಿ ಇರುವುದು ತಬಲದ ಜೋಡಿಯಲ್ಲಿ ಎಡಗೈ ನುಡಿಸುವ ಡಗ್ಗಾ, ಮತ್ತು ಅದು ಸುಮ್ಮನೆ ಗುದ್ದುವುದಿಲ್ಲ. ಅಂಗೈ ಒತ್ತಿದಂತೆ ಅದರ ಶ್ರುತಿ ಏರುತ್ತದೆ, ಬೇಸ್ ಇರುವ ಪ್ರದೇಶದಲ್ಲೇ ಅದೂ ಹಾಡುತ್ತದೆ. ಎರಡೂ ಒಟ್ಟಿಗೆ ಉದ್ದುದ್ದ ನುಡಿದರೆ ತಳವೆಲ್ಲ ಕಲಸಿಹೋಗುತ್ತದೆ. ಕೆಹರ್ವಾದ 'ಧಾ ಗೆ ನಾ ತಿ ನಾ ಕೆ ಧಿ ನಾ' ಎಂಬ ಎಂಟು ಮಾತ್ರೆಗಳನ್ನು ನೋಡಿ: ಧಾ, ಗೆ, ಧಿ ಇರುವಲ್ಲಿ ಡಗ್ಗಾ ತೆರೆದು ನುಡಿಯುತ್ತದೆ, ತಿ, ನಾ, ಕೆ ಇರುವಲ್ಲಿ ಅದರ ಗುಂಗು ಇಲ್ಲ. ನಾನು ಸಮದಲ್ಲಿ ಧಾ ಜೊತೆಗೆ ಷಡ್ಜವನ್ನು ಗಟ್ಟಿಯಾಗಿ, ಆದರೆ ಮೊಟಕಾಗಿ ಇಡುತ್ತೇನೆ. ನಾಲ್ಕನೆಯ ಮಾತ್ರೆಯಿಂದ ಆರನೆಯದರವರೆಗೆ ಪಂಚಮವನ್ನೋ ಮೇಲಿನ ಷಡ್ಜವನ್ನೋ ಪೂರ್ತಿ ಬಿಚ್ಚಿಡುತ್ತೇನೆ. ಧಿ ಬರುವ ಮೊದಲು ನಿಲ್ಲಿಸುತ್ತೇನೆ. ಡೊಳ್ಳು ಇರುವ ಜನಪದ ಗೀತೆಗಳಲ್ಲಿ ಇನ್ನೂ ಸಂಯಮ ಬೇಕು. ಡೊಳ್ಳಿನ ತಳ ಅಷ್ಟು ದೊಡ್ಡದಾಗಿರುವುದರಿಂದ ಅಲ್ಲಿ ಬೇಸ್ ಒಂದು ಸ್ಥಾಯಿ ಮೇಲೆ, ಡಿ ಮತ್ತು ಜಿ ತಂತಿಗಳಲ್ಲಿ, ಇದ್ದರೇ ಎರಡೂ ಉಳಿಯುತ್ತವೆ.

ರಾಗದ ಮರ್ಯಾದೆಯನ್ನೂ ಇಲ್ಲಿಯೇ ಹೇಳಬೇಕು. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಗಿಟಾರ್ ಪಾಠದಲ್ಲಿ ಕಲಿತ ಅಭ್ಯಾಸದಂತೆ ಷಡ್ಜದಿಂದ ನಾಲ್ಕನೆಯ ಸ್ವರದ ಕಾರ್ಡ್‌ಗೆ ಬೇಸ್ ಇಳಿಸಿದರೆ, ಗಾಯಕಿ ಎಷ್ಟೇ ಶುದ್ಧವಾಗಿ ಹಾಡುತ್ತಿದ್ದರೂ ಕೆಳಗಿನಿಂದ ಮಧ್ಯಮ ಮೊಳಗಿ ರಾಗ ಕದಡುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ನಡೆಯುವಾಗ ದಾರಿಯ ಸ್ವರಗಳನ್ನು ರಾಗದೊಳಗಿಂದಲೇ ಆರಿಸಿ: ಮೋಹನದಲ್ಲಿ ಪಂಚಮದಿಂದ ಷಡ್ಜಕ್ಕೆ ಏರುವಾಗ ನಡುವೆ ಧೈವತ ಸಾಕು. ಸಿನಿಮಾ ಧಾಟಿಯ ಹಾಡಿನಲ್ಲಿ ಬೇಕೆಂದೇ ಅನ್ಯಸ್ವರ ತರುವುದು ಬೇರೆ ಮಾತು. ಅದು ಸಂಯೋಜಕರ ತೀರ್ಮಾನ ಆಗಿರಬೇಕು.

ನಾದವನ್ನು ತಿದ್ದುವುದು

ಇಷ್ಟು ಸರಿಯಾದ ಮೇಲೆ ತಿದ್ದುವ ಕೆಲಸ ಕಡಿಮೆಯೇ ಉಳಿದಿರುತ್ತದೆ. ಮೊದಲು ಪ್ಲಗಿನ್‌ನೊಳಗೆ ತಂತಿಯನ್ನು ಆರಿಸಿ: ಹೊರಮೈ ನಯವಾದ ಫ್ಲಾಟ್‌ವೌಂಡ್ ತಂತಿ ಮರದಂಥ ದುಂಡು ನಾದ ಕೊಡುತ್ತದೆ, ಭಾವಗೀತೆಗೆ ಹೇಳಿಮಾಡಿಸಿದ್ದು, ಸುರುಳಿ ಕೈಗೆ ಸಿಗುವ ರೌಂಡ್‌ವೌಂಡ್ ತಂತಿ ಮಿರುಗುತ್ತದೆ. ಮೀಟುವ ಜಾಗವನ್ನು ಕುತ್ತಿಗೆಯ ಕಡೆ ಸರಿಸಿದರೆ ಮೃದು, ತಂತಿಗಳು ಕೆಳಗೆ ಆತುಕೊಂಡಿರುವ ಬ್ರಿಡ್ಜ್‌ನ ಕಡೆ ಸರಿಸಿದರೆ ಬಿಗಿ. ಪ್ಲಗಿನ್‌ನ ಒಳಗಿನ ಆಂಪ್, ಕೋಣೆಯ ಗುಂಗು ಸೇರಿಸುವ ರಿವರ್ಬ್ ಎಲ್ಲವನ್ನೂ ಮುಚ್ಚಿ ಶುದ್ಧ ನಾದದಿಂದ ಆರಂಭಿಸಿ.

ಈಕ್ಯೂನಲ್ಲಿ 30 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯಿರಿ. ತೂಕ ಇರುವುದು 60ರಿಂದ 100ರ ನಡುವೆ. ಮಸುಕು ಕಟ್ಟುವುದು 200ರಿಂದ 300ರ ಆಸುಪಾಸಿನಲ್ಲಿ, ಅಲ್ಲಿ ಎರಡು ಮೂರು ಡೆಸಿಬೆಲ್ ಇಳಿಸಿದರೆ ಗಾಯಕರ ದನಿಗೂ ಹಾರ್ಮೋನಿಯಮ್‌ಗೂ ದಾರಿ ಬಿಟ್ಟಂತಾಗುತ್ತದೆ. ಸ್ವರದ ಗುರುತು ಸಿಗುವುದು 700ರಿಂದ 1000ದ ನಡುವೆ. ಜೋರಾದ ಸ್ವರಗಳನ್ನು ತಗ್ಗಿಸುವ ಕಂಪ್ರೆಸರ್‌ನಲ್ಲಿ 4:1 ಅನುಪಾತ, 20ರಿಂದ 30 ಮಿಲಿಸೆಕೆಂಡ್ ಅಟ್ಯಾಕ್ (ತಗ್ಗಿಸಲು ತೊಡಗುವ ಹೊತ್ತು), 100ರ ಸುಮಾರಿಗೆ ರಿಲೀಸ್ (ಬಿಟ್ಟುಕೊಡುವ ಹೊತ್ತು) ಇಟ್ಟು, ಬಲವಾದ ಸ್ವರಗಳಲ್ಲಿ 3ರಿಂದ 6 ಡೆಸಿಬೆಲ್ ಇಳಿಯುವಂತೆ ಹೊಂದಿಸಿ. ಅಟ್ಯಾಕನ್ನು ಇನ್ನೂ ಚುರುಕು ಮಾಡಿದರೆ ಬೆರಳಿನ ಮೊದಲ ಸ್ಪರ್ಶವೇ ಅಳಿಸಿಹೋಗುತ್ತದೆ. ರಿವರ್ಬ್ ಬೇಸ್‌ಗೆ ಬೇಡ.

ನಮ್ಮ ಹಾಡುಗಳನ್ನು ಜನ ಕೇಳುವುದು ಹೆಚ್ಚಾಗಿ ಮೊಬೈಲಿನ ಸ್ಪೀಕರಿನಲ್ಲಿ, ಅದು 49 ಹರ್ಟ್ಸ್‌ನ ಷಡ್ಜವನ್ನು ನುಡಿಸಲಾರದು. ಆದರೂ ಆ ಸ್ವರದ ಮೇಲಿನ ಅನುಸ್ವರಗಳು, ಅಂದರೆ 98, 147, 196 ಹರ್ಟ್ಸ್ ಮತ್ತು ಅವುಗಳ ಮೇಲಿನವು ಇದ್ದಷ್ಟು ಮಟ್ಟಿಗೆ ಕಿವಿ ಇಲ್ಲದ ಮೂಲಸ್ವರವನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಆ ಅನುಸ್ವರಗಳನ್ನು ಬೆಳೆಸಲು ಟ್ರ್ಯಾಕಿನ ಪ್ರತಿ ಮಾಡಿಕೊಂಡು, ಮೂಲದಲ್ಲಿ ತಳವನ್ನು ಶುದ್ಧವಾಗಿ ಉಳಿಸಿ, ಪ್ರತಿಯಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದು, ಆಂಪ್ ಅಥವಾ ಸ್ಯಾಚುರೇಷನ್ ಪ್ಲಗಿನ್‌ನ ಮೂಲಕ ಸ್ವಲ್ಪ ಒರಟು ಮಾಡಿ, ಮೂಲದ ಕೆಳಗೆ ಮೆಲ್ಲನೆ ಬೆರೆಸಬೇಕು. ಒರಟು ಪ್ರತ್ಯೇಕವಾಗಿ ಕೇಳಿಸಿದರೆ ಹೆಚ್ಚಾಯಿತೆಂದು ಅರ್ಥ. ಮುಚ್ಚಿದಾಗ ಬೇಸ್ ಹಿಂದೆ ಸರಿದಂತೆ ಅನಿಸಿದರೆ ಪ್ರಮಾಣ ಸರಿಯಿದೆ. ಬೆರೆಸಿದ ಮೇಲೆ ತಳ ತೆಳುವಾಯಿತೆನಿಸಿದರೆ ಪ್ರತಿಯ ಫೇಸನ್ನು ತಿರುಗಿಸಿ, ಅಂದರೆ ಅದರ ನಾದದ ಅಲೆಯನ್ನು ತಲೆಕೆಳಗು ಮಾಡಿ ನೋಡಿ, ಎರಡರಲ್ಲಿ ತುಂಬಿ ಬರುವುದನ್ನು ಇಟ್ಟುಕೊಳ್ಳಿ.

ಕೊನೆಗೆ ಹಾಡನ್ನು ಮೊಬೈಲಿಗೆ ಹಾಕಿಕೊಂಡು, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿರುವಾಗ ಪಕ್ಕದ ಕೋಣೆಯಲ್ಲಿ ಒಮ್ಮೆ, ಕಾರಿನಲ್ಲಿ ಒಮ್ಮೆ ಕೇಳಿ. ಮೊಬೈಲಿನಲ್ಲಿ ಬೇಸ್‌ನ ಸಾಲನ್ನು ಗುನುಗಲು ಬರಬೇಕು. ಕಾರಿನಲ್ಲಿ ಬಾಗಿಲು ನಡುಗಬಾರದು. ಬಾಗಿಲು ನಡುಗುವ ಆ ಒಂದೆರಡು ಸ್ವರಗಳು ಯಾವುವೆಂದು ಬರೆದುಕೊಂಡು ಬಂದು, ಇಡೀ ಟ್ರ್ಯಾಕನ್ನು ತಗ್ಗಿಸದೆ, ಆ ಸ್ವರಗಳ ವೆಲಾಸಿಟಿಯನ್ನು ಮಾತ್ರ ಇಳಿಸಿ ಅಥವಾ ಅವನ್ನು ಬೇರೆ ತಂತಿಗೆ ವರ್ಗಾಯಿಸಿ, ಮತ್ತೆ ಕಾರಿಗೆ ಒಯ್ದು ಕೇಳಿ.